ಕೊಳಗ ದೊಡ್ಡದಾದರೆ ಸಾಲದು: ಡಿಸ್ಕು ಕೊಳ್ಳುವ ಮುನ್ನ ಲೆಕ್ಕ ಹಾಕಿರಿ

ಚನ್ನಪಟ್ಟಣದ ಒಬ್ಬ ಸಣ್ಣ ವರ್ತಕರು ಈಚೆಗೆ ನಮ್ಮ ಕಛೇರಿಗೆ ಬಂದು ಕುಳಿತರು. ಕೈಯಲ್ಲಿ ಕಾಗದದ ಪೊಟ್ಟಣ. ಬಿಚ್ಚಿ ಮೇಜಿನ ಮೇಲಿಟ್ಟದ್ದು ಕಂಪ್ಯೂಟರಿನ ಒಂದು ಹಾರ್ಡ್ ಡಿಸ್ಕು.

“ಎರಡು ಟೆರಾಬೈಟು ಸ್ವಾಮಿ. ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡದು. ಜೀವಮಾನವೆಲ್ಲ ಸಾಕು ಅಂದ. ಕೊಂಡೆ. ಮೂರು ವರ್ಷ ತುಂಬುವುದರೊಳಗೆ ಒಂದು ದಿನ ಕಟಕಟ ಅಂತ ಸದ್ದು ಮಾಡಿ ಸುಮ್ಮನಾಯಿತು. ಮೂರು ವರ್ಷದ ಬಿಲ್ಲು, ಬಾಕಿ, ಸರಕಿನ ಲೆಕ್ಕ ಎಲ್ಲ ಇದರೊಳಗಿದೆ. ಬಿಡಿಸಿಕೊಡಲು ಬೆಂಗಳೂರಿನಲ್ಲಿ ಕೇಳಿದ ಹಣದಲ್ಲಿ ಇಂಥವು ನಾಲ್ಕು ಬರುತ್ತಿದ್ದವು.”

“ಆ ಎರಡು ಟೆರಾಬೈಟಿನಲ್ಲಿ ನೀವು ತುಂಬಿಸಿದ್ದೆಷ್ಟು?” ಎಂದು ಕೇಳಿದೆವು.

“ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.”

ಇಷ್ಟೇ ಕಥೆ. ಈ ಮನುಷ್ಯನಿಗೆ ಬೇಕಾದದ್ದು ದೊಡ್ಡ ಡಿಸ್ಕಲ್ಲ, ಎರಡನೆಯ ಡಿಸ್ಕು. ಮಾರುವವನು ಜಾಗವನ್ನು ಮಾರಿದ. ಭದ್ರತೆಯ ಮಾತನ್ನೇ ಎತ್ತಲಿಲ್ಲ. ಕೊಳ್ಳುವವರೂ ಕೇಳಲಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಇಂದು ದಿನಸಿ ಅಂಗಡಿಗೂ ಕಂಪ್ಯೂಟರು ಬಂದಿದೆ, ನೂಲು ಬಿಚ್ಚಾಣಿಕೆಯ ಮನೆಗೂ ಬಂದಿದೆ, ಕಾರ್ಮಿಕನ ಮಗಳ ಓದಿಗೂ ಬಂದಿದೆ. ಆದ್ದರಿಂದ ಎಷ್ಟು ಜಾಗದ ಡಿಸ್ಕು ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಅಂಗಡಿಯವನ ತೀರ್ಮಾನಕ್ಕೆ ಬಿಡಲಾಗದು. ಅದನ್ನು ನಾವೇ ಕುಳಿತು ಲೆಕ್ಕ ಹಾಕಬೇಕು.

ಇದು ನಮ್ಮ ಪತ್ರಿಕೆಯ ವಿಷಯವೇ?

ಸಮಾಜವಾದಿ ವಾರಪತ್ರಿಕೆಯಲ್ಲಿ ಕಂಪ್ಯೂಟರಿನ ಡಿಸ್ಕಿನ ಮಾತೇಕೆ ಎಂದು ಕೆಲವು ವಿದ್ಯಾವಂತ ಮಿತ್ರರು ಮೂಗು ಮುರಿಯಬಹುದು. ಅವರಿಗೆ ನಾವು ನೆನಪು ಮಾಡಿಕೊಡುವುದಿಷ್ಟೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಮೊದಲ ತಗಾದೆ ಬಂದದ್ದು ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಮೇಲೆ. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದು ಆ ಚಳವಳಿಯಲ್ಲಿ. ಕೊಳಗ ಯಾರ ಕೈಯಲ್ಲಿರುತ್ತದೋ ಲೆಕ್ಕ ಅವನದಾಗುತ್ತದೆ. ಅಳತೆಯ ಪ್ರಶ್ನೆ ಎಂದೂ ಸಣ್ಣ ಪ್ರಶ್ನೆಯಲ್ಲ.

ಇಂದಿನ ಲೆಕ್ಕ ಯಾರ ಕೈಯಲ್ಲಿದೆ? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನೋಡಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ. ಒಂದು ಕಾಲದಲ್ಲಿ ಕೂಗಿ ನಡೆಯುತ್ತಿದ್ದ ಹರಾಜು ಇಂದು ಮೊಬೈಲಿನಲ್ಲಿ ನಡೆಯುತ್ತದೆ. ಲಾಟಿನ ತೂಕ, ಕಿಲೋದ ದರ, ಹಣ ಸಂದಾಯ ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಇದು ಒಳ್ಳೆಯದೇ, ದಲ್ಲಾಳಿಯ ಕೈಚಳಕಕ್ಕೆ ಕಡಿವಾಣ. ಆದರೆ ದಾಖಲೆ ಮಾರುಕಟ್ಟೆಯ ಯಂತ್ರದಲ್ಲಿರುತ್ತದೆ. ಗೂಡು ತಂದ ರೈತನ ಬಳಿ, ಕೊಂಡ ಬಿಚ್ಚಾಣಿಕೆದಾರನ ಬಳಿ ಉಳಿಯುವುದು ಒಂದು ಚೀಟಿ ಅಥವಾ ಮೊಬೈಲಿನ ಒಂದು ಸಂದೇಶ. ಮೊಬೈಲು ಹಾಳಾದರೆ ಅದೂ ಇಲ್ಲ.

ಇನ್ನೊಂದು ಘಟನೆ ಎಲ್ಲರಿಗೂ ನೆನಪಿದೆ. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಬೇಕರಿಯವರು, ಬೀಡಾ ಅಂಗಡಿಯವರು, ತೆರಿಗೆಯೇ ಇಲ್ಲದ ಹಾಲು-ತರಕಾರಿ ಮಾರುವವರೂ ಅದರಲ್ಲಿದ್ದರು. ಆಧಾರವೇನು? 2021-22ರಿಂದ 2024-25ರ ವರೆಗೆ ಯುಪಿಐ ಮೂಲಕ ಅವರ ಖಾತೆಗೆ ಬಂದ ಹಣ. ಅಣ್ಣ ಕೊಟ್ಟ ಕೈಸಾಲ, ಮನೆಯವರು ಕಳಿಸಿದ ಹಣ, ತೆರಿಗೆ ತಗಲದ ಸರಕಿನ ಹಣ ಎಲ್ಲವೂ ಅದರಲ್ಲಿ ಬೆರೆತಿದೆ ಎಂದು ವ್ಯಾಪಾರಿಗಳು ಕೂಗಿದರು. ಅಂಗಡಿಗಳ ಮುಂದೆ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಚೀಟಿಗಳು ಬಿದ್ದವು. ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಭರವಸೆ ಕೊಡಬೇಕಾಯಿತು.

ಅದು ಹೋರಾಟದ ಗೆಲುವು, ನಿಜ. ಆದರೆ ಆ ಘಟನೆ ನಮ್ಮ ಬಡತನವನ್ನೂ ತೋರಿಸಿಕೊಟ್ಟಿತು. ಇಲಾಖೆಯ ಬಳಿ ನಮ್ಮ ನಾಲ್ಕು ವರ್ಷದ ಲೆಕ್ಕವಿತ್ತು. ನಮ್ಮ ಬಳಿ ನಮ್ಮದೇ ನಾಲ್ಕು ತಿಂಗಳ ಲೆಕ್ಕವಿರಲಿಲ್ಲ! ಇದು ಕೈಸಾಲ, ಇದು ಹಾಲಿನ ಹಣ ಎಂದು ತೋರಿಸಲು ಕಾಗದವಿದ್ದವನು ಧೈರ್ಯವಾಗಿ ಉತ್ತರ ಬರೆದ. ಇಲ್ಲದವನು ದಲ್ಲಾಳಿಯ ಮನೆಗೆ ಓಡಿದ. ನಮ್ಮ ಲೆಕ್ಕ ನಮ್ಮ ಕೈಯಲ್ಲಿರಬೇಕೆಂಬ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಕಚ್ಚಾ ಸೇರು, ಪಕ್ಕಾ ಸೇರು

ಮೊದಲು ಅಳತೆಯ ವಂಚನೆಯನ್ನು ಅರಿತುಕೊಳ್ಳೋಣ. ಡಿಸ್ಕಿನ ಡಬ್ಬಿಯ ಮೇಲೆ 1 ಟೆರಾಬೈಟು ಎಂದಿರುತ್ತದೆ. ಮನೆಗೆ ತಂದು ಕಂಪ್ಯೂಟರಿಗೆ ಜೋಡಿಸಿದರೆ ವಿಂಡೋಸ್ ತೋರಿಸುವುದು ಸುಮಾರು 931 ಗಿಗಾಬೈಟು. 512 ಎಂದು ಬರೆದದ್ದು 476 ಆಗುತ್ತದೆ. 256 ಎಂದದ್ದು 238. ಉಳಿದದ್ದನ್ನು ಯಾರು ತಿಂದರು?

ಯಾರೂ ತಿಂದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ: ಸಾವಿರ ಬೈಟಿಗೆ ಒಂದು ಕಿಲೋಬೈಟು, ಸಾವಿರ ಕಿಲೋಬೈಟಿಗೆ ಒಂದು ಮೆಗಾಬೈಟು. ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಹೆಸರು ಒಂದೇ, ಅಳತೆ ಎರಡು. ನಮ್ಮ ಹಿರಿಯರು ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಸೇರುಗಳ ನಡುವೆ ಸಿಕ್ಕಿ ಒದ್ದಾಡಿದರು. ಆ ಗೊಂದಲಕ್ಕೆ ಕೊನೆ ಹಾಡಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು ದೇಶವೆಲ್ಲ ಕಿಲೋಗ್ರಾಮಿಗೆ ತಿರುಗಿತು. ಆ ಗೊಂದಲವೇ ಇಂದು ಡಿಸ್ಕಿನ ಅಂಗಡಿಯಲ್ಲಿ ಮತ್ತೆ ತಲೆಯೆತ್ತಿದೆ. ಅಮೆರಿಕದಲ್ಲಿ ಕೊಳ್ಳುಗರು ಈ ವಿಷಯದಲ್ಲಿ ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್, 2007ರಲ್ಲಿ ಸೀಗೇಟ್ ಕಂಪೆನಿ ದಾವೆಗಳನ್ನು ರಾಜಿಯಲ್ಲಿ ಮುಗಿಸಿಕೊಂಡವು. ತಪ್ಪು ಮಾಡಿದ್ದೇವೆಂದು ಒಪ್ಪಲಿಲ್ಲ. ಡಬ್ಬಿಯ ಮೇಲಿನ ಅಂಕಿ ಇಂದಿಗೂ ಹಾಗೆಯೇ ಇದೆ.

ಆದ್ದರಿಂದ ಕೊಳ್ಳುವವನು ತಾನೇ ಲೆಕ್ಕ ಕಳೆದುಕೊಳ್ಳಬೇಕು: ಡಬ್ಬಿಯ ಮೇಲಿನ ಗಿಗಾಬೈಟು ಅಂಕಿಯಲ್ಲಿ ನೂರಕ್ಕೆ ಏಳು, ಟೆರಾಬೈಟು ಅಂಕಿಯಲ್ಲಿ ನೂರಕ್ಕೆ ಒಂಬತ್ತು. ವಿಂಡೋಸ್ 11ಕ್ಕೆ ಕನಿಷ್ಠ 64 ಗಿಗಾಬೈಟು ಬೇಕೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಆಮೇಲೆ ಬರುವ ತಿದ್ದುಪಡಿ, ಲೆಕ್ಕದ ಸಾಫ್ಟ್‌ವೇರು, ಇತರ ಸಾಮಾನು ಸೇರಿ 100 ಗಿಗಾಬೈಟು ಎಂದು ತೆಗೆದಿಡಿ. ಐದರಲ್ಲಿ ಒಂದು ಪಾಲು ಖಾಲಿ ಬಿಡಿ. ಗಂಟಲಮಟ್ಟ ತುಂಬಿದ ಡಿಸ್ಕು ನಿಧಾನವಾಗುತ್ತದೆ. ಹೀಗೆ ನೋಡಿದರೆ 256ರ ಯಂತ್ರದಲ್ಲಿ ನಿಮ್ಮ ಸ್ವಂತ ಬಳಕೆಗೆ ಉಳಿಯುವುದು ಸುಮಾರು 90. 512ರಲ್ಲಿ ಸುಮಾರು 280. 64 ಅಥವಾ 128 ಎಂದು ಬರೆದ ಅಗ್ಗದ ಲ್ಯಾಪ್‌ಟಾಪಿನಲ್ಲಿ ಏನೂ ಉಳಿಯುವುದಿಲ್ಲ. ಬಡವನ ಮಗುವಿಗೆ ಅದನ್ನು ಮಾರುವುದು ತಳವಿಲ್ಲದ ಕೊಡ ಮಾರಿದಂತೆ.

ನಮ್ಮ ಲೆಕ್ಕ ಎಷ್ಟು ಜಾಗ ಹಿಡಿಯುತ್ತದೆ?

ಮಾಗಡಿಯ ಒಂದು ದಿನಸಿ ಅಂಗಡಿಯನ್ನು ತೆಗೆದುಕೊಳ್ಳೋಣ. ದಿನಕ್ಕೆ 150 ಬಿಲ್ಲು, ಒಂದೊಂದು 100 ಕಿಲೋಬೈಟು ಎಂದರೆ ದಿನಕ್ಕೆ 15 ಮೆಗಾಬೈಟು. ವರ್ಷಕ್ಕೆ 300 ದಿನ ವ್ಯಾಪಾರವೆಂದರೆ ನಾಲ್ಕೂವರೆ ಗಿಗಾಬೈಟು. ಕೊಂಡ ಸರಕಿನ ಬಿಲ್ಲುಗಳನ್ನು ದಿನಕ್ಕೆ ಹತ್ತರಂತೆ ಸ್ಕ್ಯಾನ್ ಮಾಡಿದರೆ ವರ್ಷಕ್ಕೆ ಇನ್ನೂ ಒಂದೂವರೆ. ಲೆಕ್ಕದ ಸಾಫ್ಟ್‌ವೇರಿನ ಕಡತಕ್ಕೆ ಅರ್ಧ. ಒಟ್ಟು ವರ್ಷಕ್ಕೆ ಆರೂವರೆ, ಎಂಟು ವರ್ಷಕ್ಕೆ 52 ಗಿಗಾಬೈಟು. 256ರ ಯಂತ್ರ ಧಾರಾಳವಾಗಿ ಸಾಕು.

ರಾಮನಗರದ ಬಿಚ್ಚಾಣಿಕೆದಾರ ದಿನಕ್ಕೆ ಐದು ಚೀಟಿಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ, ಒಂದು ಚಿತ್ರಕ್ಕೆ 4 ಮೆಗಾಬೈಟಿನಂತೆ, ಎಂಟು ವರ್ಷಕ್ಕೆ 48 ಗಿಗಾಬೈಟು. ಅವನಿಗೂ 256 ಸಾಕು.

ಚನ್ನಪಟ್ಟಣದ ಅರಗಿನ ಬೊಂಬೆಯ ಕುಶಲಕರ್ಮಿಗೆ ಹೆಚ್ಚು ಬೇಕು. ಹೊಸ ಮಾದರಿಗಳ ಚಿತ್ರ ದಿನಕ್ಕೆ ಇಪ್ಪತ್ತು ತೆಗೆದರೆ ವರ್ಷಕ್ಕೆ 24 ಗಿಗಾಬೈಟು, ಎಂಟು ವರ್ಷಕ್ಕೆ 192. ಅವನು 512 ಕೊಳ್ಳಲಿ. ಅವನ ಚಿತ್ರಗಳು ಬರಿಯ ಚಿತ್ರಗಳಲ್ಲ. ಈ ಮಾದರಿ ನನ್ನದು, ಇಂಥ ದಿನ ಮಾಡಿದ್ದು ಎನ್ನಲು ಅವೇ ಸಾಕ್ಷಿ.

ಗಿರಣಿ ಕಾರ್ಮಿಕನ ಸಂಸಾರಕ್ಕೆ ಎಷ್ಟು ಬೇಕು? ಕೂಲಿಚೀಟಿ, ಹಾಜರಿ, ಭವಿಷ್ಯನಿಧಿಯ ಪಾಸ್‌ಪುಸ್ತಕ, ಇಎಸ್‌ಐ ಕಾಗದ, ಮಕ್ಕಳ ಅಂಕಪಟ್ಟಿ, ಮನೆಯ ಪತ್ರ ಎಲ್ಲ ಸೇರಿ ಸಾವಿರ ಹಾಳೆ ಎಂದರೂ ಅರ್ಧ ಗಿಗಾಬೈಟು. ಒಂದು ಜೀವಮಾನದ ದುಡಿಮೆಯ ದಾಖಲೆ ಒಂದು ಸಿನಿಮಾದಷ್ಟೂ ಜಾಗ ಹಿಡಿಯುವುದಿಲ್ಲ! ಹೀಗಿರುವಾಗ ಅವನಿಗೆ ಎರಡು ಟೆರಾಬೈಟು ಮಾರುವವನನ್ನು ಏನೆಂದು ಕರೆಯಬೇಕು?

ಇಲ್ಲಿ ನ್ಯಾಯವಾಗಿ ಎರಡು ಮಾತನ್ನು ಒಪ್ಪಿಕೊಳ್ಳಬೇಕು. ಮೊದಲನೆಯದು, ನಿಜವಾಗಿಯೂ ದೊಡ್ಡ ಜಾಗ ಬೇಕಾದವರು ಇದ್ದಾರೆ. ಕನಕಪುರದಲ್ಲಿ ಮದುವೆಯ ವಿಡಿಯೋ ತೆಗೆಯುವ ಸ್ಟುಡಿಯೋದವನಿಗೆ 4ಕೆ ಚಿತ್ರೀಕರಣ ಗಂಟೆಗೆ 45 ಗಿಗಾಬೈಟಿನವರೆಗೂ ತಿನ್ನುತ್ತದೆ. ಎರಡು ಕ್ಯಾಮೆರಾ, ಐದು ಗಂಟೆ ಎಂದರೆ ಒಂದೇ ಮದುವೆಗೆ 450. ಅವನು ಟೆರಾಬೈಟುಗಳನ್ನೇ ಕೊಳ್ಳಬೇಕು. ಅಂಗಡಿಯ ಕಾವಲು ಕ್ಯಾಮೆರಾವೂ ಹಾಗೆಯೇ. ಸಾಮಾನ್ಯ ಗುಣಮಟ್ಟದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಗಿಗಾಬೈಟು ಬರೆಯುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟೆರಾಬೈಟು ಹನ್ನೊಂದು ದಿನಕ್ಕೆ ಮುಗಿಯಿತು. ತಿಂಗಳ ಚಿತ್ರ ಉಳಿಯಬೇಕಾದರೆ ಮೂರು ಟೆರಾಬೈಟು ಬೇಕು. ಆದರೆ ಅದು ಕ್ಯಾಮೆರಾ ಪೆಟ್ಟಿಗೆಯ ಡಿಸ್ಕು, ಲೆಕ್ಕದ ಕಂಪ್ಯೂಟರಿನದಲ್ಲ. ಈ ಎರಡನ್ನೂ ಬೆರೆಸಿ “ಅಂಗಡಿ ಅಂದಮೇಲೆ ದೊಡ್ಡದೇ ಬೇಕು ಸಾರ್” ಎನ್ನುವವನ ಮಾತಿಗೆ ಮರುಳಾಗಬೇಡಿ.

ಎರಡನೆಯದು, ದೊಡ್ಡ ಡಿಸ್ಕಿನಲ್ಲಿ ಒಂದೊಂದು ಗಿಗಾಬೈಟಿನ ಬೆಲೆ ಅಗ್ಗ. ಎರಡು ಟೆರಾಬೈಟಿಗೆ ಒಂದು ಟೆರಾಬೈಟಿನ ದುಪ್ಪಟ್ಟು ಬೆಲೆ ಇರುವುದಿಲ್ಲ. ಮಾರುವವನ ಮುಖ್ಯ ಅಸ್ತ್ರವೂ ಇದೇ. ಆದರೆ ಉಣ್ಣದ ಅಕ್ಕಿ ಎಷ್ಟು ಅಗ್ಗವಾದರೇನು? ಇಪ್ಪತ್ತರಲ್ಲಿ ಒಂದು ಪಾಲು ತುಂಬಿದ ಡಿಸ್ಕಿನಲ್ಲಿ ಹತ್ತೊಂಬತ್ತು ಪಾಲು ಗಾಳಿಗೆ ಹಣ ಕೊಟ್ಟಿದ್ದೇವೆ. ಇದು ಉಳಿತಾಯವಲ್ಲ, ಉಳಿತಾಯದ ವೇಷ.

ಕಾನೂನಿಗೆ ಎಂಟು ವರ್ಷ, ಡಿಸ್ಕಿಗೆ ಮೂರು

ಮುಖ್ಯ ವಿಷಯ ಇಲ್ಲಿದೆ. ಜಿಎಸ್‌ಟಿ ಕಾನೂನಿನ 36ನೇ ಕಲಮು ನೋಂದಾಯಿತ ವರ್ತಕನು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕೆನ್ನುತ್ತದೆ. 2025-26ನೇ ಸಾಲಿನ ವಿವರಪಟ್ಟಿಗೆ ಕೊನೆಯ ದಿನ 2026ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳು ಎಂದರೆ 2032ರ ಡಿಸೆಂಬರ್ 31. 2025ರ ಏಪ್ರಿಲಿನಲ್ಲಿ ಬರೆದ ಬಿಲ್ಲನ್ನು ಏಳು ವರ್ಷ ಒಂಬತ್ತು ತಿಂಗಳು ಕಾಯ್ದಿಡಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು.

ಅದೇ ಡಿಸ್ಕಿಗೆ ತಯಾರಕನು ಕೊಡುವ ಭರವಸೆ ಎಷ್ಟು ವರ್ಷದ್ದು? ಸಾಮಾನ್ಯವಾಗಿ ಎರಡು ಅಥವಾ ಮೂರು. ಆ ಭರವಸೆಯೂ ಡಬ್ಬಿಗೆ ಮಾತ್ರ. ಕೆಟ್ಟರೆ ಹೊಸ ಖಾಲಿ ಡಿಸ್ಕು ಕೊಡುತ್ತಾನೆ, ನಿಮ್ಮ ಲೆಕ್ಕವನ್ನು ಕೊಡುವುದಿಲ್ಲ. ಕಾನೂನು ಎಂಟು ವರ್ಷ ಕೇಳುತ್ತದೆ, ಯಂತ್ರ ಮೂರು ವರ್ಷಕ್ಕೆ ಮಾತ್ರ ಮಾತು ಕೊಡುತ್ತದೆ. ಈ ಐದು ವರ್ಷದ ಅಂತರವನ್ನು ಡಿಸ್ಕಿನ ಗಾತ್ರ ತುಂಬಲಾರದು. ಎರಡು ಟೆರಾಬೈಟಿನ ಡಿಸ್ಕು ಒಂದು ಟೆರಾಬೈಟಿನದಕ್ಕಿಂತ ಎರಡರಷ್ಟು ಕಾಲ ಬದುಕುವುದಿಲ್ಲ. ಬಿದ್ದರೆ ಎರಡೂ ಒಂದೇ ಸಲಕ್ಕೆ ಸಾಯುತ್ತವೆ. ದೊಡ್ಡದರಲ್ಲಿ ಹೆಚ್ಚು ಹೆಣ ಬೀಳುತ್ತದೆ, ಅಷ್ಟೇ.

ಕಾನೂನಿಗೂ ಇದು ಗೊತ್ತಿದೆ. ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮವು ಕಂಪ್ಯೂಟರಿನಲ್ಲಿ ಲೆಕ್ಕ ಇಡುವವನು ಅದರ ನಕಲನ್ನೂ ಕಾಪಾಡಬೇಕು, ಅವಘಡದಿಂದ ಮೂಲ ನಾಶವಾದರೆ ತಕ್ಕ ಸಮಯದಲ್ಲಿ ಮತ್ತೆ ಒದಗಿಸುವಂತಿರಬೇಕು ಎನ್ನುತ್ತದೆ. ಅಂದರೆ ಎರಡನೆಯ ಪ್ರತಿ ಶೋಕಿಯಲ್ಲ, ಕರ್ತವ್ಯ. ಇದನ್ನು ನಮ್ಮ ಊರುಗಳ ಎಷ್ಟು ಅಂಗಡಿಕಾರರಿಗೆ ಯಾರು ತಿಳಿಸಿದ್ದಾರೆ? ತೆರಿಗೆ ಕಟ್ಟಿರಿ ಎಂದು ಹೇಳಲು ಬರುವ ಇಲಾಖೆ, ನಕಲು ಇಟ್ಟುಕೊಳ್ಳಿರಿ ಎಂದು ಹೇಳಲು ಬಂದದ್ದುಂಟೆ?

ಅವಘಡ ದೂರದ ಮಾತಲ್ಲ. 2022ರ ಆಗಸ್ಟ್ ಕೊನೆಯ ಮಳೆಯನ್ನು ನೆನೆಯಿರಿ. ರಾಮನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು-ಮೈಸೂರು ಹೆದ್ದಾರಿಯೇ ಹೊಳೆಯಾಯಿತು. ಆ ನೀರಿಗೆ ಇದು ಅಕ್ಕಿಮೂಟೆ, ಇದು ಕಂಪ್ಯೂಟರು ಎಂಬ ಭೇದವಿಲ್ಲ. ಎರಡನೆಯ ಡಿಸ್ಕು ಅದೇ ಮೇಜಿನ ಸೆಳೆಖಾನೆಯಲ್ಲಿದ್ದರೆ ಅದೂ ಮುಳುಗುತ್ತದೆ. ಆದುದರಿಂದ ಒಂದು ಪ್ರತಿ ಅಂಗಡಿಯಲ್ಲಿ, ಒಂದು ಮನೆಯಲ್ಲಿ ಇರಬೇಕು. ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟ ಡಿಸ್ಕನ್ನು ನಕಲು ಎಂದು ನಂಬಬೇಡಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು ಬಂದರೆ ಎರಡಕ್ಕೂ ಒಟ್ಟಿಗೇ ಬೀಗ ಬೀಳುತ್ತದೆ.

ಬಾಡಿಗೆ ಗೋದಾಮು

“ಡಿಸ್ಕೇ ಬೇಡ, ಎಲ್ಲವನ್ನೂ ಕ್ಲೌಡಿನಲ್ಲಿ ಇಡಿ” ಎಂಬ ಹೊಸ ಉಪದೇಶ ಕೇಳಿಬರುತ್ತಿದೆ. ಕ್ಲೌಡು ಎಂದರೆ ಮೋಡವಲ್ಲ. ಬೇರೊಬ್ಬನ ಗೋದಾಮಿನಲ್ಲಿರುವ ಬೇರೊಬ್ಬನ ಡಿಸ್ಕು. ನಾವು ಬಾಡಿಗೆದಾರರು.

ಈ ಬಾಡಿಗೆಯ ವ್ಯಾಪಾರ ಹೊಸದೂ ಅಲ್ಲ. ಪ್ರಪಂಚದ ಮೊದಲ ಹಾರ್ಡ್ ಡಿಸ್ಕು 1956ರಲ್ಲಿ ಐಬಿಎಂ ಕಂಪೆನಿಯಿಂದ ಬಂತು. 24 ಅಂಗುಲ ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನ ಒಂದೇ ಚಿತ್ರದಷ್ಟು! ಕಂಪೆನಿ ಆ ಯಂತ್ರವನ್ನು ತಿಂಗಳಿಗೆ 3,200 ಡಾಲರಿಗೆ ಬಾಡಿಗೆಗೆ ಕೊಡುತ್ತಿತ್ತು. ನಮ್ಮ ದೇಶದಲ್ಲೂ ಅದೇ ಕಂಪೆನಿ ಯಂತ್ರಗಳನ್ನು ಬಾಡಿಗೆಗೆ ಬಿಟ್ಟು ಸಂಪಾದಿಸಿತು. ಭಾರತೀಯರಿಗೆ ಪಾಲು ಕೊಡಬೇಕೆಂಬ ಕಾನೂನಿಗೆ ಒಪ್ಪದೆ 1978ರಲ್ಲಿ ಗಂಟು ಕಟ್ಟಿತು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್.

ಇಂದು ಬಾಡಿಗೆಯ ವೇಷ ಬದಲಾಗಿದೆ. ಮೊದಲು ಪುಕ್ಕಟೆ, ಆಮೇಲೆ ಬಾಡಿಗೆ. ಗೂಗಲ್ ಕಂಪೆನಿ ಚಿತ್ರಗಳನ್ನು ಮಿತಿಯಿಲ್ಲದೆ ಪುಕ್ಕಟೆಯಾಗಿ ಇಡಲು ಬಿಡುತ್ತಿತ್ತು. ಜನ ಒಗ್ಗಿಕೊಂಡರು. 2021ರ ಜೂನ್ 1ರಿಂದ ಅದು ನಿಂತಿತು. ಪುಕ್ಕಟೆ 15 ಗಿಗಾಬೈಟು, ಅದರಾಚೆಗೆ ತಿಂಗಳ ಬಾಡಿಗೆ. ಆಂಡ್ರಾಯ್ಡ್ ಮೊಬೈಲಿನ ವಾಟ್ಸಾಪ್ ನಕಲನ್ನೂ ಆಮೇಲೆ ಅದೇ 15ರ ಒಳಗೆ ಸೇರಿಸಿದರು. ಬಾಡಿಗೆ ನಿಂತರೆ ಹೊಸದೊಂದನ್ನೂ ಇಡಲಾಗದು. ಮರೆತು ಬಹಳ ಕಾಲ ಬಿಟ್ಟರೆ ಇದ್ದದ್ದನ್ನೂ ಅಳಿಸುವ ಹಕ್ಕನ್ನು ಅವರು ಇಟ್ಟುಕೊಂಡಿದ್ದಾರೆ.

ಕ್ಲೌಡನ್ನು ಮುಟ್ಟಲೇಬಾರದೆಂದು ನಾವು ಹೇಳುತ್ತಿಲ್ಲ. ಊರೇ ಮುಳುಗಿದಾಗ ದೂರದಲ್ಲಿರುವ ಒಂದು ಪ್ರತಿ ಕಾಪಾಡುತ್ತದೆ. ಪುಕ್ಕಟೆ 15 ಗಿಗಾಬೈಟಿನಲ್ಲಿ ಕಾರ್ಮಿಕನ ಇಡೀ ಜೀವಮಾನದ ಕಾಗದ ಹಿಡಿಸುತ್ತದೆ. ಅದು ಮೂರನೆಯ ಪ್ರತಿಯಾಗಿರಲಿ. ಅದೊಂದೇ ಪ್ರತಿಯಾದರೆ ನಾವು ನಮ್ಮ ಲೆಕ್ಕಕ್ಕೇ ಗೇಣಿದಾರರಾದೆವು.

ಹಾಗಾದರೆ ಕೊಳ್ಳುವುದೆಷ್ಟು?

ಓದುಗರು ಈ ಪಟ್ಟಿಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಲಿ.

ಒಂದು: ಒಂದು ದಿನಕ್ಕೆ ಎಷ್ಟು ಬಿಲ್ಲು, ಎಷ್ಟು ಚಿತ್ರ ಎಂದು ಬರೆಯಿರಿ. ವರ್ಷಕ್ಕೆ ಗುಣಿಸಿರಿ. ಎಂಟರಿಂದ ಗುಣಿಸಿರಿ. ಅದು ನಿಮ್ಮ ಅಗತ್ಯ. ಅಂಗಡಿಯವನ ಬಾಯಿಂದ ಬರುವ ಅಂಕಿ ಅವನ ಅಗತ್ಯ.

ಎರಡು: ಲೆಕ್ಕಪತ್ರ ಮಾತ್ರವಾದರೆ 256, ಚಿತ್ರಗಳೂ ಇದ್ದರೆ 512. ಯಂತ್ರದೊಳಗೆ ಎಸ್‌ಎಸ್‌ಡಿ ಇರಲಿ. ಅದರಲ್ಲಿ ತಿರುಗುವ ಭಾಗವಿಲ್ಲ, ವೇಗವೂ ಹೆಚ್ಚು. ಮುಂದೆ ಇನ್ನೊಂದನ್ನು ಸೇರಿಸಲು ಖಾಲಿ ಜಾಗ ಇದೆಯೇ ಎಂದು ತಪ್ಪದೆ ಕೇಳಿ. ಇದ್ದರೆ ಇಂದು ಚಿಕ್ಕದನ್ನು ಕೊಂಡು ನಾಳೆ ಬೆಳೆಸಬಹುದು. ಬೆಸುಗೆ ಹಾಕಿ ಮುಚ್ಚಿದ ಯಂತ್ರವಾದರೆ ಇಂದೇ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಬೇಕಾಗುತ್ತದೆ.

ಮೂರು: ಉಳಿದ ಹಣದಲ್ಲಿ ಎರಡು ಸಣ್ಣ ಹೊರ ಡಿಸ್ಕು ಕೊಳ್ಳಿ. ಹೊರ ಡಿಸ್ಕು ತಿರುಗುವ ಹಳೆಯ ಬಗೆಯದಾದರೂ ಚಿಂತೆಯಿಲ್ಲ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಮೂಲೆಯಲ್ಲಿಟ್ಟ ಎಸ್‌ಎಸ್‌ಡಿ ತನ್ನಲ್ಲಿರುವುದನ್ನು ಮರೆಯತೊಡಗಬಹುದು. ಎರಡನ್ನೂ ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ಕೊಳ್ಳಬೇಡಿ.

ನಾಲ್ಕು: ವಾರಕ್ಕೊಮ್ಮೆ, ಅಂಗಡಿಗೆ ರಜಾ ಇರುವ ದಿನ, ನಕಲು ತೆಗೆಯಿರಿ. ತಿಂಗಳಿಗೊಮ್ಮೆ ನಕಲಿನಿಂದ ಒಂದು ಹಳೆಯ ಬಿಲ್ಲನ್ನು ತೆರೆದು ನೋಡಿ. ತೆರೆಯದ ನಕಲು ನಕಲಲ್ಲ. ನಾಲ್ಕನೆಯ ವರ್ಷಕ್ಕೆ ಹಳೆಯ ಹೊರ ಡಿಸ್ಕಿನ ಜಾಗಕ್ಕೆ ಹೊಸದನ್ನು ತನ್ನಿ.

ಐದು: ಸಾವಿರ ರೂಪಾಯಿಗೆ 16 ಟೆರಾಬೈಟು ಎಂಬ ಜಾಹೀರಾತು ಕಂಡರೆ ದೂರವಿರಿ. ಅಂಥವುಗಳ ಒಳಗೆ ಇರುವುದು ಅಲ್ಪ ಜಾಗ. ಕಂಪ್ಯೂಟರಿಗೆ ಸುಳ್ಳು ಅಂಕಿ ತೋರಿಸುವಂತೆ ತಿದ್ದಿರುತ್ತಾರೆ. ಜಾಗ ಮುಗಿದ ಮೇಲೂ ಬರೆದಂತೆ ನಟಿಸಿ ಹಳೆಯದನ್ನು ಅಳಿಸುತ್ತಾ ಹೋಗುತ್ತವೆ. ಇದು ತಕ್ಕಡಿಯ ತಟ್ಟೆಗೆ ಮೇಣ ಅಂಟಿಸುವ ವಿದ್ಯೆ.

ನಮ್ಮ ಬೇಡಿಕೆಗಳು

ಕೊಳ್ಳುಗನೊಬ್ಬನೇ ಎಚ್ಚರವಾಗಿದ್ದರೆ ಸಾಲದು. ಒಬ್ಬೊಬ್ಬನೇ ಅಂಗಡಿಗೆ ಹೋದವನು ಒಬ್ಬೊಬ್ಬನಾಗಿಯೇ ಮೋಸಹೋಗುತ್ತಾನೆ. ಆದ್ದರಿಂದ ನಾವು ಕೇಳುವುದು ಇವು:

ಡಿಸ್ಕು ಮಾರುವವರು ಡಬ್ಬಿಯ ಅಂಕಿಯ ಪಕ್ಕದಲ್ಲಿ ಕಂಪ್ಯೂಟರು ತೋರಿಸುವ ಅಂಕಿಯನ್ನೂ ಬಿಲ್ಲಿನ ಮೇಲೆ ಬರೆದು ಕೊಡಬೇಕು. ತೂಕ ಮತ್ತು ಅಳತೆಯ ಇಲಾಖೆ ತರಕಾರಿಯವಳ ತಕ್ಕಡಿಗೆ ಮುದ್ರೆ ಹಾಕುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಲಿ.

ಗೂಡಿನ ಮಾರುಕಟ್ಟೆಯಲ್ಲಿ ಪ್ರತಿಯೊಬ್ಬ ರೈತನಿಗೂ ಬಿಚ್ಚಾಣಿಕೆದಾರನಿಗೂ ಅವನ ವರ್ಷದ ಇಡೀ ವ್ಯವಹಾರವನ್ನು ಒಂದೇ ಕಡತವಾಗಿ, ಕೇಳಿದ ದಿನವೇ, ಶುಲ್ಕವಿಲ್ಲದೆ ಕೊಡುವ ಏರ್ಪಾಡಾಗಬೇಕು. ಗೂಡಿನ ವ್ಯಾಪಾರವನ್ನು ಕ್ರಮಬದ್ಧಗೊಳಿಸಲು ನಮ್ಮ ರಾಜ್ಯದಲ್ಲಿ 1959ರಿಂದಲೇ ಕಾನೂನಿದೆ. ಕ್ರಮ ಎಂದರೆ ದಾಖಲೆ ಒಂದೇ ಕಡೆ ಇರುವುದಲ್ಲ, ಎರಡೂ ಕಡೆ ಇರುವುದು.

ಗಿರಣಿ, ಕಾರ್ಖಾನೆಗಳ ಮಾಲೀಕರು ಕೂಲಿಚೀಟಿಯನ್ನು ತಪ್ಪದೆ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಕೂಲಿಚೀಟಿ ಕೊಡಬೇಕೆನ್ನುತ್ತದೆ. ಬಾಕಿ ಕೂಲಿಗೆ ದೂರು ಕೊಡಲು ಅದರಲ್ಲಿ ಮೂರು ವರ್ಷದ ಅವಕಾಶವಿದೆ. ಆದರೆ ಮೂರು ವರ್ಷದ ಚೀಟಿ ಕಾರ್ಮಿಕನ ಕೈಯಲ್ಲಿಲ್ಲದಿದ್ದರೆ ಆ ಅವಕಾಶ ಕಾಗದದ ಹೂವು. ಹಾಜರಿಯ ಯಂತ್ರ ಮಾಲೀಕನದು, ಅದರೊಳಗಿನ ಡಿಸ್ಕು ಮಾಲೀಕನದು. ಅದರ ನಕಲಾದರೂ ದುಡಿದವನದಾಗಿರಲಿ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಮಾತು. ಪ್ರತಿ ಕಾರ್ಮಿಕ ಸಂಘ, ಪ್ರತಿ ವರ್ತಕರ ಸಂಘ ತಿಂಗಳಿಗೊಂದು ದಿನ ತನ್ನ ಕಛೇರಿಯಲ್ಲಿ ನಕಲು ತೆಗೆಯುವ ದಿನವನ್ನು ಗೊತ್ತುಮಾಡಲಿ. ಮೊಬೈಲಿನಲ್ಲಿರುವ ಚೀಟಿ, ಪಾಸ್‌ಪುಸ್ತಕಗಳನ್ನು ಹುಡುಗರು ಡಿಸ್ಕಿಗೆ ಇಳಿಸಿಕೊಡಲಿ. ಸದಸ್ಯನ ಡಿಸ್ಕು ಸದಸ್ಯನ ಬಳಿಯೇ ಇರಲಿ, ಅದರ ಗುಟ್ಟಿನ ಪದ ಅವನಿಗೆ ಮಾತ್ರ ತಿಳಿದಿರಲಿ. ಡಿಸ್ಕುಗಳನ್ನು ಒಟ್ಟಾಗಿ ಕೊಂಡರೆ ಬೆಲೆಯಲ್ಲೂ ಹಿಡಿತ ಸಿಗುತ್ತದೆ. ಜಗತ್ತಿನಲ್ಲಿ ಇಂದು ಹಾರ್ಡ್ ಡಿಸ್ಕು ಮಾಡುವವು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂರೇ ಕಂಪೆನಿಗಳು. 2011ರಲ್ಲಿ ಥಾಯ್ಲೆಂಡಿಗೆ ಪ್ರವಾಹ ಬಂದರೆ ಇಲ್ಲಿ ಬೆಲೆ ಏರಿತು. ಮೂವರು ಒಟ್ಟಾಗಿರುವ ಪೇಟೆಗೆ ನಾವು ಒಂಟಿಯಾಗಿ ಹೋಗುವುದು ಯಾವ ಜಾಣತನ?

ಚನ್ನಪಟ್ಟಣದ ಆ ವರ್ತಕರು ಹೋಗುವಾಗ ಸತ್ತ ಡಿಸ್ಕನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದರು. ಈಗ ಅದು ನಮ್ಮ ಕಾಗದಗಳು ಹಾರದಂತೆ ತಡೆಯುವ ಭಾರವಾಗಿದೆ. ಅವರು ಈ ಸಲ ಕೊಂಡದ್ದು 256ರ ಒಂದು ಯಂತ್ರ, ಎರಡು ಸಣ್ಣ ಡಿಸ್ಕು. ಒಂದು ಅಂಗಡಿಯಲ್ಲಿದೆ, ಇನ್ನೊಂದು ಅವರ ತಂಗಿಯ ಮನೆಯಲ್ಲಿ, ಅಕ್ಕಿಯ ಡಬ್ಬದ ಹಿಂದೆ.